ರೊಟ್ಟಿ ನಡೆದ ಹೆಜ್ಜೆಗಳು

ನನ್ನ ಬೆನ್ನು ನನಗಿಂತ ಹತ್ತು ವರ್ಷ ಹಿರಿಯದು ಎಂದು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ. ನನಗೆ ಎಪ್ಪತ್ತೊಂದಾದರೆ ಅದಕ್ಕೆ ಎಂಬತ್ತೊಂದು. ಹಿರಿಯರಿಗೆ ಕೊಡಬೇಕಾದ ಮರ್ಯಾದೆ ಕೊಟ್ಟು, ಅದು ಏಳು ಅಂದಾಗ ಏಳುತ್ತೇನೆ, ಕೂಡು ಅಂದಾಗ ಕೂಡುತ್ತೇನೆ. ರೋಣದ ಎಲುಬಿನ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಆಪರೇಷನ್ ಏನೂ ಬೇಡ, ಇದರ ಜೊತೆ ಹೊಂದಿಕೊಂಡು ಬಾಳುವುದನ್ನು ಕಲಿಯಿರಿ ಅಂದರು. ನನ್ನ ತಾಯಿ ಮದುವೆಯ ದಿನ ಅತ್ತೆಯ ವಿಷಯದಲ್ಲಿ ಹೇಳಿ ಕಳಿಸಿದ್ದೂ ಹೆಚ್ಚುಕಡಿಮೆ ಇದನ್ನೇ. ಹೀಗಾಗಿ ನನಗದು ಹೊಸ ಪಾಠ ಅನ್ನಿಸಲಿಲ್ಲ.

ಆದರೆ ಕಳೆದ ವರ್ಷ, ಪಂಚಮಿಗೆ ಇನ್ನು ನಾಲ್ಕು ವಾರ ಇದೆ ಅನ್ನುವಾಗ, ಬೆನ್ನು ಹಟ ಹಿಡಿಯಿತು. ನಮ್ಮ ಕಡೆ ನಾಗರ ಪಂಚಮಿಯ ಹಿಂದಿನ ದಿನ ರೊಟ್ಟಿ ಹಬ್ಬ. ಅದಕ್ಕೂ ಮೊದಲೇ ದಿನಕ್ಕಿಷ್ಟು ಎಂದು ಜೋಳದ ರೊಟ್ಟಿ ಬಡಿದು, ಎಳ್ಳು ಹಚ್ಚಿ, ಬೇಯಿಸಿ, ಖಡಕ್ಕಾಗುವವರೆಗೆ ಒಣಗಿಸಿ ಬುಟ್ಟಿಯಲ್ಲಿ ಪೇರಿಸುತ್ತೇವೆ. ಹಬ್ಬದ ದಿನ ಅದರ ಮೇಲೆ ಮಡಿಕೆಕಾಳಿನ ಪಲ್ಯ, ಬದನೆಕಾಯಿ, ಅಗಸೆ ಚಟ್ನಿ ಇಟ್ಟು ಓಣಿಯ ಮನೆಮನೆಗೂ ಕೊಟ್ಟು ಬರುತ್ತೇವೆ. ನಮ್ಮದು ಅವರಿಗೆ ಹೋಗುತ್ತದೆ, ಅವರದು ನಮಗೆ ಬರುತ್ತದೆ. ಸಂಜೆಯ ಹೊತ್ತಿಗೆ ಎಲ್ಲರ ಬುಟ್ಟಿಯಲ್ಲೂ ಎಲ್ಲರ ರೊಟ್ಟಿ. ಯಾವುದು ಯಾರ ಕೈಯದು ಎಂದು ಹೆಂಗಸರು ನೋಡಿಯೇ ಹೇಳುತ್ತಾರೆ. ನನ್ನದು ತೆಳ್ಳಗೆ ಎಂದು ಹೆಸರಾಗಿತ್ತು. ಆ ಹೆಸರು ನನಗೆ ಸುಮ್ಮನೆ ಸಿಕ್ಕಿದ್ದಲ್ಲ.

ನಾನು ನರಗುಂದದಲ್ಲಿ ಹುಟ್ಟಿ, ಹುಬ್ಬಳ್ಳಿಯ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಬೆಳೆದು, ಗಜೇಂದ್ರಗಡದ ಸೀರೆ ಅಂಗಡಿಯ ಮನೆಗೆ ಸೊಸೆಯಾಗಿ ಬಂದವಳು. ಸಿಸ್ಟರುಗಳು ನನಗೆ ಕರ್ಸಿವ್ ರೈಟಿಂಗ್ ಕಲಿಸಿದ್ದರು, ಎಂಬ್ರಾಯ್ಡರಿ ಕಲಿಸಿದ್ದರು, ಫೋರ್ಕು ಯಾವ ಕೈಯಲ್ಲಿ ಹಿಡಿಯಬೇಕು ಎಂದು ಕಲಿಸಿದ್ದರು. ಇಲ್ಲಿ ಬಂದು ನಾನು ಬಡಿದ ಮೊದಲ ರೊಟ್ಟಿ ಹಂಚು ಮುಟ್ಟುವ ಮೊದಲೇ ಮೂರು ಪಾಲಾಯಿತು. ಅತ್ತೆ ಒಂದು ಮಾತೂ ಆಡದೆ ಅದನ್ನು ಎತ್ತಿಕೊಂಡು ಹೋಗಿ ಎಮ್ಮೆಗೆ ಹಾಕಿದರು. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ. ಪಕ್ಕದ ಮನೆಗೆ ಅದೇ ವರ್ಷ ಮದುವೆಯಾಗಿ ಬಂದ ನೇಕಾರರ ಸೊಸೆ ಹಿತ್ತಲ ಗೋಡೆಯ ಮೇಲಿಂದ ಇದನ್ನು ನೋಡಿದ್ದಳು. ಮಧ್ಯಾಹ್ನ ಅತ್ತೆ ಮಲಗಿದ ಹೊತ್ತಿಗೆ ಬಂದು, ನೀರು ಎಷ್ಟು ಕುದಿಯಬೇಕು, ಹಿಟ್ಟು ಎಷ್ಟು ನಾದಬೇಕು, ಅಂಗೈ ಎಲ್ಲಿ ಬೀಳಬೇಕು ಎಂದು ಕೈಹಿಡಿದು ತೋರಿಸಿದಳು. ಒಂದು ಚಳಿಗಾಲ ಪೂರ್ತಿ ಹಿಡಿಯಿತು. ಅಂದಿನಿಂದ ಎರಡೂ ಮನೆಯ ಪಂಚಮಿ ರೊಟ್ಟಿ ನಮ್ಮಿಬ್ಬರದೇ. ನಾನು ಬಡಿಯುತ್ತೇನೆ, ಅವಳು ಬೇಯಿಸುತ್ತಾಳೆ. ನಲವತ್ತೆಂಟು ಪಂಚಮಿ ಹೀಗೇ ಕಳೆದವು. ನಾನು ಈ ಊರಿನವಳಾದದ್ದು ಮದುವೆಯಿಂದ ಅಲ್ಲ, ರೊಟ್ಟಿಯಿಂದ ಎಂದೇ ನನ್ನ ನಂಬಿಕೆ.

ಆದ್ದರಿಂದ ಸೊಸೆ ಒಂದು ಬೆಳಿಗ್ಗೆ, ನಾನು ಗೋಡೆ ಹಿಡಿದು ಏಳುವುದನ್ನು ನೋಡಿ, ಈ ವರ್ಷ ರೊಟ್ಟಿ ಮಾಡಿ ಮಾರುವವರ ಹತ್ತಿರ ಹೇಳಿಬಿಡೋಣ ಅತ್ತಿ ಅಂದಾಗ ನನಗೆ ಬೆನ್ನಿಗಿಂತ ಹೆಚ್ಚು ನೋವು ಬೇರೆ ಕಡೆ ಆಯಿತು. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಆ ಹೆಣ್ಣುಮಕ್ಕಳು ಚಲೋ ರೊಟ್ಟಿ ಮಾಡುತ್ತಾರೆ, ತಿಂದು ನೋಡಿದ್ದೇನೆ. ಆದರೆ ಅವನ್ನು ಓಣಿಗೆ ಹಂಚುವುದು ಬೇರೆಯವರು ಬರೆದ ಪತ್ರಕ್ಕೆ ನಾನು ಸಿಗ್ನೇಚರ್ ಹಾಕಿದ ಹಾಗೆ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮುಖ ಹೇಳಿರಬೇಕು. ನಾಲ್ಕು ದಿನಕ್ಕೆ ಸೊಸೆ ನನ್ನ ಕೈಗೆ ಕಪ್ಪು ಬಣ್ಣದ ಒಂದು ಬ್ಯಾಂಡ್ ಕಟ್ಟಿದಳು, ಫೋನಿನಲ್ಲಿ ಒಂದು ಆಪ್ ಹಾಕಿದಳು. ಬ್ಯಾಂಡು ಹೆಜ್ಜೆ ಎಣಿಸುತ್ತದೆ, ಆಪು ಬೆನ್ನಿನ ಎಕ್ಸರ್ಸೈಜ್ ಹೇಳಿಕೊಡುತ್ತದೆ, ಮಂಗಳವಾರ ಮತ್ತು ಶುಕ್ರವಾರ ಫಿಸಿಯೋಥೆರಪಿಸ್ಟ್ ಒಬ್ಬಳು ವಿಡಿಯೋದಲ್ಲಿ ಬಂದು ಮಾತಾಡಿಸುತ್ತಾಳೆ. ನಮ್ಮಿಬ್ಬರ ನಡುವೆ ಕರಾರು ಆಯಿತು. ಪಂಚಮಿಯೊಳಗೆ ಬೆನ್ನು ದಾರಿಗೆ ಬಂದರೆ ರೊಟ್ಟಿ ನನ್ನದು, ಬರದಿದ್ದರೆ ಹೊರಗಿನದು.

ಆಪು ಪೂರ್ತಿ ಇಂಗ್ಲಿಷಿನಲ್ಲಿತ್ತು. ಇಷ್ಟು ವರ್ಷ ನಮ್ಮ ಓಣಿಯಲ್ಲಿ ನನ್ನ ಇಂಗ್ಲಿಷಿಗೆ ಇದ್ದ ಕೆಲಸವೆಂದರೆ ಒಂದು ಕಾಲಕ್ಕೆ ಟೆಲಿಗ್ರಾಂ ಓದಿ ಹೇಳುವುದು, ಆಮೇಲೆ ಔಷಧಿ ಬಾಟಲಿಯ ಮೇಲೆ ಏನಿದೆ ಎಂದು ಹೇಳುವುದು. ಈಗ ಹಾಸಿಗೆ ಹಾಸಿ ಕೂತು, ಕನ್ನಡಕ ಏರಿಸಿ, ಜೋರಾಗಿ ಓದತೊಡಗಿದೆ. ಮೊದಲಿನದೇ ಕ್ಯಾಟ್ ಅಂಡ್ ಕೌ. ಪಕ್ಕದ ಮನೆಯ ಆ ಗೆಳತಿ ಕಾಲು ಚಾಚಿ ಕೂತು ನೋಡುತ್ತಿದ್ದಳು. ಬೆಕ್ಕಿನಂತೆ ಬೆನ್ನು ಮೇಲೆತ್ತಬೇಕು, ಆಮೇಲೆ ಆಕಳಂತೆ ಕೆಳಗಿಳಿಸಬೇಕು ಎಂದು ಅವಳಿಗೆ ವಿವರಿಸಿ, ಮಂಡಿಯೂರಿ ನಿಂತು ಮಾಡಿ ತೋರಿಸಿದೆ.

"ಹಾಲ ಯಾವಾಗ ಹಿಂಡೂದ್ರಿ ಅಕ್ಕಾರ?" ಅಂದಳು.

ನಕ್ಕು ನಾನು ಅಲ್ಲೇ ಉರುಳಿದೆ. ಆ ದಿನ ಬೆಕ್ಕೂ ಆಗಲಿಲ್ಲ, ಆಕಳೂ ಆಗಲಿಲ್ಲ.

ಫಿಸಿಯೋ ಹುಡುಗಿ ಮೈಸೂರು ಕಡೆಯವಳು, ಇಪ್ಪತ್ತಾರು ಇಪ್ಪತ್ತೇಳು ಇದ್ದೀತು. ಮೃದು ಮಾತು. ನನ್ನನ್ನು ಅಮ್ಮ ಅನ್ನುತ್ತಿದ್ದಳು, ನಾನು ಅವಳನ್ನು ಮೇಡಂ ಅನ್ನುತ್ತಿದ್ದೆ. ಆಪು ಶುರುವಿಗೇ ಒಂದು ಫಾರ್ಮ್ ತುಂಬಿಸಿಕೊಂಡಿತ್ತು. ಭಾರದ ಕೆಲಸ ಮಾಡುತ್ತೀರಾ ಎಂದಿದ್ದಲ್ಲಿ ನೋ ಎಂದು ಒತ್ತಿದ್ದೆ. ನೆಲದ ಮೇಲೆ ಕೂಡುತ್ತೀರಾ ಎಂದಿದ್ದಲ್ಲಿ ಅಕೇಷನಲಿ ಎಂದು ಒತ್ತಿದ್ದೆ. ಸುಳ್ಳು ಹೇಳಬೇಕೆಂದು ಅಲ್ಲ. ದಿನಾ ಬೆಳಿಗ್ಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದನ್ನು ನಾನು ಕೆಲಸದ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಉಸಿರಾಡುತ್ತೀರಾ ಎಂದು ಕೇಳಿದರೆ ಹೇಗೋ ಹಾಗೆ. ಮನೆಯಲ್ಲಿ ಗ್ಯಾಸ್ ಬಂದು ಎಷ್ಟೋ ವರ್ಷವಾಯಿತು. ಆದರೂ ರೊಟ್ಟಿಯ ಮಟ್ಟಿಗೆ ಹಿಂದಿನ ಪಡಸಾಲೆಯ ಒಲೆ, ಅದರ ಮುಂದಿನ ಕಲ್ಲು, ಒಂದು ಮೊಣಕಾಲು ಮಡಿಚಿ ಕೂಡುವ ನನ್ನ ಜಾಗ, ಯಾವುದೂ ಬದಲಾಗಿರಲಿಲ್ಲ.

ಮೊದಲ ವಾರದ ಕೊನೆಗೆ ಹುಡುಗಿ ನನ್ನ ಗ್ರಾಫ್ ತೆರೆದು ನೋಡಿದಳು. ಆಮೇಲೆ ಹೇಳಿದಳು. "ಅಮ್ಮ, ನೀವು ಬೆಳಿಗ್ಗೆ ಏಳರಿಂದ ಎಂಟೂವರೆವರೆಗೆ ತುಂಬಾ ನಡೀತಿದ್ದೀರಿ. ಅದಾದ ಮೇಲೇ ನಿಮ್ಮ ನೋವು ಜಾಸ್ತಿ ಆಗ್ತಿದೆ. ಕೆಲವು ದಿನ ನಡಿಗೆ ಕಡಿಮೆ ಮಾಡಿ ನೋಡೋಣ."

ಬೆಳಿಗ್ಗೆ ನಾನು ಎಲ್ಲೂ ನಡೆಯುವುದಿಲ್ಲ. ಹಾಗೆಂದು ಹೇಳಲು ಬಾಯಿ ತೆರೆದೆ. ಆದರೆ ಬಚ್ಚಲಿಗೆ ಹೋಗಿ, ತುಳಸಿಗೆ ನೀರು ಹಾಕಿ, ಅಡಿಗೆಮನೆಗೆ ನಾಲ್ಕು ಸಲ ಓಡಾಡಿ, ಹೀಗೆ ಎಲ್ಲ ಸೇರಿ ಅಷ್ಟಾಗುತ್ತದೋ ಏನೋ ಅನ್ನಿಸಿತು. ಮಷೀನು ಹೇಳಿದೆ, ಮೇಡಂ ಹೇಳಿದ್ದಾಳೆ. ಸಿಸ್ಟರುಗಳ ಕೈಯಲ್ಲಿ ಬೆಳೆದವರಿಗೆ ಎದುರು ಮಾತು ಅಷ್ಟು ಲಗೂ ಬರುವುದಿಲ್ಲ. ಯೆಸ್ ಮೇಡಂ ಅಂದೆ. ಮನೆಯ ಓಡಾಟ ಬಿಡಲಾಗುವುದಿಲ್ಲ, ಬಿಡಬಹುದಾದದ್ದು ಒಂದೇ. ಅದು ಸಂಜೆಯ ವಾಕಿಂಗು.

ಸಂಜೆ ಐದಕ್ಕೆ ನಾನೂ ಗೆಳತಿಯೂ ಗುಡ್ಡದ ಬುಡದವರೆಗೆ ಹೋಗಿ ಬರುತ್ತಿದ್ದೆವು. ದೂರದ ಗುಡ್ಡದ ಮೇಲೆ ಗಾಳಿಯ ಫ್ಯಾನುಗಳು ತಿರುಗುತ್ತಿರುತ್ತವೆ. ಯಾವುದು ನಿಂತಿದೆ, ಯಾವುದು ತಿರುಗುತ್ತಿದೆ ಎಂದು ನೋಡುವುದು ಒಂದು ನೆವ. ಮಾತು ಮುಖ್ಯ. ಮನೆಯಲ್ಲಿ ಆಡಲಾಗದ ಎಲ್ಲ ಮಾತೂ ಆ ದಾರಿಯಲ್ಲಿ ಆಗುತ್ತಿತ್ತು. ಹೋಗುವಾಗ ಬಿಗಿದಿದ್ದ ಬೆನ್ನು ಬರುವಾಗ ಸಡಿಲಾಗಿರುತ್ತಿತ್ತು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಗ್ರಾಫಿನ ಮಾತು ಕೇಳಿದೆ. ಆ ಸಂಜೆ ಅವಳು ಬಾಗಿಲಿಗೆ ಬಂದಾಗ, ಡಾಕ್ಟರು ನಡೆಯಬೇಡ ಅಂದಿದ್ದಾರೆ, ಗ್ರಾಫಿನಲ್ಲಿ ಬಂದಿದೆ ಅಂದೆ.

ಅವಳು ಚಪ್ಪಲಿ ಬಿಡದೆ ಹೊಸ್ತಿಲ ಆಚೆಯೇ ನಿಂತಳು. "ಆ ಗ್ರಾಫ್ ನಿಮ್ಮ ಜೋಡಿ ಗುಡ್ಡದ ತನಕಾ ಬಂದಿತ್ತೇನ್ರಿ?"

ಅವಳು ಒಬ್ಬಳೇ ಹೋದಳು. ಮರುದಿನದಿಂದ ಕರೆಯಲೂ ಬರಲಿಲ್ಲ. ಸಂಜೆ ಐದಕ್ಕೆ ನಾನು ಪಡಸಾಲೆಯಲ್ಲಿ ಕೂತು ಅವಳು ನಮ್ಮ ಬಾಗಿಲು ದಾಟಿ ಹೋಗುವುದನ್ನು ನೋಡುತ್ತಿದ್ದೆ. ಹಾನೆಸ್ಟ್ಲಿ, ಶಾಲೆಯಲ್ಲಿ ಡಿಟೆನ್ಷನ್ ಕೊಟ್ಟಾಗ ಕೂಡ ನನಗೆ ಅಷ್ಟು ಬೇಜಾರಾಗಿರಲಿಲ್ಲ.

ಎರಡನೆಯ ವಾರ ಬೆನ್ನು ಒಣಗಿದ ಕಟ್ಟಿಗೆಯಂತಾಯಿತು. ಮಂಗಳವಾರ ಹುಡುಗಿ ಮತ್ತೆ ಗ್ರಾಫ್ ನೋಡಿದಳು. ಸಂಜೆಯ ಹೆಜ್ಜೆಗಳು ಹೋಗಿದ್ದವು, ಬೆಳಗಿನ ದಿಬ್ಬ ಮಾತ್ರ ಇದ್ದ ಹಾಗೇ ಇತ್ತು. ಅಭ್ಯಾಸಬಲದಿಂದ ಬೆಳಿಗ್ಗೆ ಎಲ್ಲಾದರೂ ವಾಕಿಂಗ್ ಹೋಗಿಬಿಡುತ್ತೀರಾ ಎಂದು ತುಂಬ ನಯವಾಗಿ ಕೇಳಿದಳು. ಕೆಲವರು ನಮ್ಮ ಹತ್ತಿರ ಹೇಳುವುದಿಲ್ಲ ಎಂದೂ ಸೇರಿಸಿದಳು. ನನ್ನ ಮೇಲೆ ಬೇಕಾದ ದೂರು ಹೊರಿಸಿ, ಸುಳ್ಳಿನದೊಂದು ಬೇಡ. ಕಾಲ್ ಮುಗಿದ ಮೇಲೆ ಹಿತ್ತಲಿಗೆ ಹೋಗಿ, ಗೋಡೆಯಾಚೆ ನೂಲು ಸುತ್ತುತ್ತ ಕೂತಿದ್ದ ಗೆಳತಿಗೆ ಎಲ್ಲ ಹೇಳಿದೆ. ಮೂರು ದಿನ ಮುಖ ಬಿಗಿದುಕೊಂಡಿದ್ದವಳು ಇದನ್ನು ಕೇಳಿ ರಾಟೆ ನಿಲ್ಲಿಸಿ ನಕ್ಕಳು. ನಿಮ್ಮ ಕೈಯ ಆ ಗಡಿಯಾರ ಥೇಟ್ ನಿಮ್ಮ ಅತ್ತೆಯ ಹಾಗೆ ಇದೆ, ಮನೆಯಲ್ಲೇ ಇರುತ್ತದೆ, ಎಲ್ಲ ನೋಡುತ್ತದೆ, ಹೊರಗೆ ಹೋಗಿ ಬೇರೆಯೇ ಹೇಳುತ್ತದೆ ಅಂದಳು.

ಶುಕ್ರವಾರ ಬೆಳಿಗ್ಗೆ ಏಳನೆಯ ರೊಟ್ಟಿ ಮುಗಿಸಿ ಹಿಟ್ಟಿನ ಪರಾತದ ಕಡೆ ತಿರುಗಿದವಳು ಕೂತಲ್ಲೇ ಸಿಕ್ಕಿಕೊಂಡೆ. ಹಿಂದಕ್ಕೂ ಬರಲಾಗಲಿಲ್ಲ, ಮುಂದಕ್ಕೂ ಹೋಗಲಾಗಲಿಲ್ಲ. ಸೊಸೆ ಬಂದು ಕಂಕುಳಿಗೆ ಕೈಹಾಕಿ ಎಬ್ಬಿಸಿ, ನಡುಮನೆಯ ಮಂಚದ ಮೇಲೆ ಮಲಗಿಸಿ, ಬೆನ್ನಿಗೆ ಬಿಸಿನೀರ ಚೀಲ ಕೊಟ್ಟಳು. ತನ್ನ ಫೋನ್ ತೆಗೆದುಕೊಂಡು ಅಂಗಳಕ್ಕೆ ಹೋಗಿ ತಗ್ಗಿದ ದನಿಯಲ್ಲಿ ಯಾರ ಜೊತೆಗೋ ಮಾತಾಡಿದಳು. ಯಾರನ್ನು ವಿಚಾರಿಸುತ್ತಿದ್ದಾಳೆ ಎಂದು ಗೊತ್ತಾಗಲು ನನಗೆ ಆಪು ಬೇಕಿರಲಿಲ್ಲ. ಪಂಚಮಿಗೆ ಹತ್ತು ದಿನ ಉಳಿದಿತ್ತು. ದಿನಾ ಬಡಿದದ್ದು ಮನೆಯ ಊಟಕ್ಕೇ ಆಗುತ್ತಿತ್ತು, ಹಬ್ಬದ ಬುಟ್ಟಿಯ ತಳವೂ ಮುಚ್ಚಿರಲಿಲ್ಲ.

ಬಿಸಿನೀರು ಹಾಕಿ ನಾದಿದ ಹಿಟ್ಟು ಕಾಯುವುದಿಲ್ಲ. ಗೆಳತಿ ಬಂದು ಉಳಿದ ಹಿಟ್ಟು ತಾನು ಬಡಿಯುತ್ತೇನೆ ಅಂದಳು. ನಾನು ಸಿಟ್ಟಿನಲ್ಲಿ ಕೈಯ ಬ್ಯಾಂಡ್ ಬಿಚ್ಚಿ ಅವಳ ಕೈಗೆ ತುರುಕಿದೆ. ಇದನ್ನು ಎಲ್ಲಾದರೂ ಇಡು, ಇವತ್ತು ನಾನು ಮಲಗಿದವಳು ಮಲಗಿದಂತೆಯೇ ಇದ್ದೇನೆಂದು ಅದಕ್ಕೂ ತಿಳಿಯಲಿ ಅಂದೆ. ಎಲ್ಲಿಡುವುದು ಎಂದು ಅತ್ತಿತ್ತ ನೋಡಿದವಳು ಕೊನೆಗೆ ತನ್ನ ಹಸಿರು ಬಳೆಗಳ ಹಿಂದೆ ಅದನ್ನು ಸಿಕ್ಕಿಸಿಕೊಂಡು ಒಲೆಯ ಕಡೆ ಹೋದಳು.

ಮಂಚದ ಮೇಲೆ ಮಾಡಲು ಬೇರೇನೂ ಇಲ್ಲದೆ ಆಪು ತೆರೆದೆ. ಇವತ್ತಿನ ಹೆಜ್ಜೆಗಳು ಎಂದು ಹಸಿರು ಅಕ್ಷರದಲ್ಲಿ ಒಂದು ಸಂಖ್ಯೆ ಇತ್ತು. ನೋಡುತ್ತಿದ್ದಂತೆ ಅದು ಮೇಲೇರಿತು. ತುಸು ನಿಂತಿತು. ಮತ್ತೆ ಏರಿತು. ಹಿಂದಿನ ಪಡಸಾಲೆಯಿಂದ ಥಪ್ ಥಪ್ ಸದ್ದು ಬರುತ್ತಿತ್ತು. ಹಿಟ್ಟು ಬಿಟ್ಟು ಇವಳು ಎಲ್ಲಿ ತಿರುಗಾಡುತ್ತಿದ್ದಾಳೆ ಅಂದುಕೊಂಡೆ. ಆಮೇಲೆ, ತಿರುಗಾಡುತ್ತಿದ್ದರೆ ಈ ಸದ್ದು ಯಾರದು ಎಂಬುದು ತಲೆಗೆ ಹೋಯಿತು.

"ಎಲ್ಲಿ ಹೊಂಟಿ ನೀ?" ಎಂದು ಮಲಗಿದಲ್ಲಿಂದಲೇ ಕೂಗಿದೆ.

ಥಪ್ ಥಪ್ ನಿಂತಿತು. ಸಂಖ್ಯೆಯೂ ನಿಂತಿತು. "ಎಲ್ಲಿ ಹೋಗ್ಲಿರಿ? ರೊಟ್ಟಿ ಬಡಿಯಾಕತ್ತೀನಿ."

"ಮತ್ತ ಬಡಿ ನೋಡೂಣ."

ಅವಳು ಬಡಿದಳು. ಸಂಖ್ಯೆ ಓಡಿತು. ನಿಲ್ಲು ಅಂದೆ, ನಿಂತಿತು. ಬಡಿ ಅಂದೆ, ಓಡಿತು. ನನ್ನ ದನಿಯಲ್ಲಿ ಏನು ಕೇಳಿಸಿತೋ, ಸೊಸೆ ಅಂಗಳದಿಂದ ಓಡಿ ಬಂದಳು. ಅವಳಿಗೆ ಫೋನ್ ತೋರಿಸಿದೆ. ಒಂದು ರೊಟ್ಟಿಗೆ ಎಷ್ಟು ಹೆಜ್ಜೆ ಎಂದು ನಾವು ಮೂವರೂ ನೋಡಿದೆವು. ಕೈ ಮೇಲೆ ಕೆಳಗೆ ಆಡುವುದನ್ನೇ ಆ ಬ್ಯಾಂಡು ನಡಿಗೆ ಎಂದು ಬರೆದುಕೊಂಡಿತ್ತು. ಎರಡು ವಾರ ದಿನಾ ಬೆಳಿಗ್ಗೆ ನಾನು ಒಲೆಯ ಮುಂದೆ ಕೂತಲ್ಲೇ ಕೂತು, ಗೂಗಲ್ ಮ್ಯಾಪಿನಲ್ಲಿ ಹಾಕಿದ್ದರೆ ದೂರದ ಬೆಳವಣಕಿ ಊರು ಮುಟ್ಟುತ್ತಿದ್ದೆನೋ ಏನೋ. ನೋವು ತರುತ್ತಿದ್ದದ್ದು ರೊಟ್ಟಿಗೆ ಕೂತ ಭಂಗಿ. ಶಿಕ್ಷೆಯಾದದ್ದು ಗುಡ್ಡದ ದಾರಿಗೆ.

"ಹಂಗಂದ್ರ ಬಿಡಬೇಕಾಗಿದ್ದು ರೊಟ್ಟಿ," ಎಂದು ಸೊಸೆ ಮೆಲ್ಲಗೆ ಅಂದಳು.

ಅದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಹನ್ನೊಂದಕ್ಕೆ ಕಾಲ್ ಬಂತು. ಸೊಸೆ ನನ್ನನ್ನು ಮೆಲ್ಲಗೆ ಎಬ್ಬಿಸಿ ಹಿಂದಿನ ಪಡಸಾಲೆಗೆ ಕರೆತಂದು, ಫೋನನ್ನು ಗೆಳತಿಯ ಮುಂದೆ ಹಿಡಿದಳು. ಹೊಸದಾಗಿ ನಾದಿದ ಒಂದು ಮುದ್ದೆ ಹಿಟ್ಟನ್ನು ಗೆಳತಿ ಕಲ್ಲಿನ ಮೇಲಿಟ್ಟು, ನನ್ನ ಹಾಗೆಯೇ ಮೊಣಕಾಲು ಮಡಿಚಿ, ಬಗ್ಗಿ, ತಿರುವುತ್ತ ಬಡಿಯುತ್ತ ಚಂದ್ರನಷ್ಟು ಅಗಲ ಮಾಡಿದಳು. ಹುಡುಗಿ ಕೊನೆಯವರೆಗೆ ನೋಡಿದಳು. ರೊಟ್ಟಿಯನ್ನು ಲಟ್ಟಿಸುತ್ತಾರೆ ಎಂದುಕೊಂಡಿದ್ದಳಂತೆ. ಇದನ್ನು ದಿನಾ ಮಾಡುತ್ತೀರಾ, ಎಷ್ಟು ಹೊತ್ತು ಎಂದು ಕೇಳಿದಳು.

ಗೆಳತಿಯೇ ಉತ್ತರ ಕೊಟ್ಟಳು. "ನಿಮ್ಮ ಗ್ರಾಫಿನಾಗ ಗುಡ್ಡ ಎಷ್ಟ ಅಗಲ ಐತಿ, ಅಷ್ಟ ಹೊತ್ತ್ರಿ."

ಹುಡುಗಿ ನನಗೆ ಸಾರಿ ಅಂದಳು. ನಾನು ಫಾರ್ಮಿನಲ್ಲಿ ತುಂಬಿದ ನೋ ಮತ್ತು ಅಕೇಷನಲಿಗೆ ನಾನೂ ಸಾರಿ ಅಂದೆ. ಅವಳು ಬುದ್ಧಿವಂತೆ, ಅಷ್ಟಕ್ಕೆ ಬಿಡಲಿಲ್ಲ. ಸಂಜೆಯ ವಾಕಿಂಗ್ ಇವತ್ತಿನಿಂದಲೇ ಶುರು ಮಾಡಿ, ಮೊದಲು ಓಣಿಯ ತುದಿಯವರೆಗೆ, ಆಮೇಲೆ ಗುಡ್ಡ ಅಂದಳು. ನಾನು ಕೇಳಬೇಕಾದದ್ದು ಒಂದೇ ಇತ್ತು, ಕೇಳಲು ಧೈರ್ಯ ಬರಲಿಲ್ಲ. ಸೊಸೆಯೇ ಕೇಳಿದಳು, ಹಾಗಾದರೆ ಅತ್ತೆ ರೊಟ್ಟಿ ಬಿಡಬೇಕೇ ಎಂದು.

"ರೊಟ್ಟಿ ಬಿಡೋದು ಬೇಡ. ನೆಲ ಬಿಡಲೇಬೇಕು," ಅಂದಳು ಹುಡುಗಿ.

ಆ ಜಾಗ ಬಿಡುವುದು ಸುಲಭ ಎಂದು ನಾನು ಹೇಳುವುದಿಲ್ಲ. ನನ್ನ ಅತ್ತೆ ಕೂತ ಜಾಗ ಅದು, ಅವರ ಅತ್ತೆಯೂ ಅಲ್ಲೇ ಕೂತಿದ್ದರು. ಆದರೆ ಅದಕ್ಕೆ ಅಳಲು ಪುರುಸೊತ್ತು ಸಿಗಲಿಲ್ಲ. ಸೊಸೆ ಟೇಪು ಹಿಡಿದು, ವಿಡಿಯೋದಲ್ಲಿ ಹುಡುಗಿ ಹೇಳಿದಂತೆ, ನೆಲದಿಂದ ನನ್ನ ಮೊಣಕೈವರೆಗೆ ಅಳೆದಳು. ಅಡಿಗೆಮನೆಯ ಕಟ್ಟೆ ನನಗೆ ಎತ್ತರವಾಯಿತು, ಊಟದ ಟೇಬಲ್ ಅಲುಗಾಡಿತು. ಮಧ್ಯಾಹ್ನ ಅವಳು ಅಂಗಡಿಯಿಂದ ಸೀರೆ ಮಡಚುವ ಗಟ್ಟಿ ಮರದ ಟೇಬಲನ್ನು ಟಂಟಂ ಆಟೋದಲ್ಲಿ ಹಾಕಿಸಿಕೊಂಡು ಬಂದಳು. ಅದರ ನಾಲ್ಕೂ ಕಾಲಿಗೆ ಇಟ್ಟಿಗೆ ಕೊಟ್ಟು, ಮೇಲೆ ರೊಟ್ಟಿಯ ಕಲ್ಲು ಇರಿಸಿದಳು. ಬೆಳಿಗ್ಗೆ ಅಂಗಳದಲ್ಲಿ ರೊಟ್ಟಿ ಮಾರುವವರ ಜೊತೆ ಮಾತಾಡಿದ್ದು ಏನಾಯಿತು ಎಂದು ಕೇಳಿದೆ. ಸದ್ಯಕ್ಕೆ ಬೇಡ ಎಂದು ಹೇಳಿದ್ದೀನ್ರಿ ಅಂದಳು. ಸದ್ಯಕ್ಕೆ ಎಂಬ ಮಾತನ್ನು ನಾನು ಗಮನಿಸಿದೆ.

ನಿಂತು ಬಡಿಯುವುದು ಬೇರೆಯೇ ವಿದ್ಯೆ. ಕೂತಾಗ ಬಲ ಹೆಗಲಿನಿಂದ ಬರುತ್ತದೆ, ನಿಂತಾಗ ಎಲ್ಲಿಂದಲೋ ತರಬೇಕು. ಮೊದಲೆರಡು ದಿನದ ರೊಟ್ಟಿಗಳು ತಲೆದಿಂಬಿನಂತಿದ್ದವು, ಮನೆಯವರೇ ತಿಂದು ಮುಗಿಸಿದರು. ಒಂದು ಕಾಲು ಇಟ್ಟಿಗೆಯ ಮೇಲೆ ಇಟ್ಟು ನಿಲ್ಲಬೇಕು, ಇಪ್ಪತ್ತು ನಿಮಿಷಕ್ಕೊಮ್ಮೆ ಬಿಟ್ಟು ನಡೆಯಬೇಕು ಎಂದು ಹುಡುಗಿಯ ಆರ್ಡರು. ಆಪು ಸರಿಯಾಗಿ ಇಪ್ಪತ್ತಕ್ಕೆ ಗಂಟೆ ಬಾರಿಸುತ್ತಿತ್ತು. ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿರುವಾಗಲೇ ಬಾರಿಸುತ್ತಿತ್ತು. ಹಂಚು ಕಾದಿದೆಯೋ ಇಲ್ಲವೋ ತಿಳಿಯದವರು ಅಡಿಗೆಮನೆಯಲ್ಲಿ ಯಾಕಿರಬೇಕು ಎಂದು ಗೆಳತಿ ಗೊಣಗುತ್ತ ಉರಿ ತಗ್ಗಿಸಿ ನನ್ನ ಜೊತೆ ಹೊರಗೆ ಬರುತ್ತಿದ್ದಳು. ಹಿಟ್ಟಿನ ಕೈಯಲ್ಲೇ ನಾವಿಬ್ಬರೂ ಓಣಿಯ ತುದಿ ಮುಟ್ಟಿ ಬರುವುದನ್ನು ಕಂಡು ಜನ ಏನಾಯಿತು ಎಂದು ಕೇಳುತ್ತಿದ್ದರು. ಶಾಲೆಯಲ್ಲಿ ಗಂಟೆ ಹೊಡೆದಿದೆ ಎಂದು ಅವಳು ಹೇಳುತ್ತಿದ್ದಳು.

ನೋವು ಹೋಗಿಬಿಟ್ಟಿತು ಅಂದರೆ ಅದು ನಿಜವಲ್ಲ. ಆದರೆ ಏಳುವಾಗ ಗೋಡೆ ಹುಡುಕುವುದು ತಪ್ಪಿತು. ಪ್ರತಿ ವರ್ಷ ಎರಡು ಬುಟ್ಟಿ ತುಂಬುತ್ತಿತ್ತು, ಕಳೆದ ವರ್ಷ ಒಂದೂಕಾಲು. ಹಬ್ಬದ ಹಿಂದಿನ ಸಂಜೆ ಸೊಸೆ ಬುಟ್ಟಿ ನೋಡಿ, ಮನೆಗೆ ಎರಡೆರಡು ಕೊಟ್ಟರೆ ಸಾಲುತ್ತದೆ ಅತ್ತಿ ಅಂದಳು. ಸದ್ಯಕ್ಕೆ ಎಂಬ ಮಾತು ಅಲ್ಲಿಗೆ ಮುಗಿಯಿತು ಎಂದು ತಿಳಿದುಕೊಂಡೆ.

ಮರುದಿನ ನಾವಿಬ್ಬರೂ ತಟ್ಟೆ ಹಿಡಿದು ಹೊರಟೆವು. ಬುಟ್ಟಿ ಹೊರುವುದು ನನಗೆ ನಿಷೇಧ, ಅದನ್ನು ಗೆಳತಿ ಸೊಂಟದ ಮೇಲೆ ಇಟ್ಟುಕೊಂಡಳು. ಮೊದಲ ಐದಾರು ಮನೆಗಳಲ್ಲಿ ಯಾರೂ ಏನೂ ಅನ್ನಲಿಲ್ಲ. ತೆಗೆದುಕೊಂಡರು, ತಮ್ಮದು ಕೊಟ್ಟರು, ಬೆನ್ನು ಹೇಗಿದೆ ಎಂದು ಕೇಳಿದರು. ಅವರು ಏನೂ ಅನ್ನದಿರುವುದೇ ನನಗೆ ಚುಚ್ಚುತ್ತಿತ್ತು. ಓಣಿ ತಿರುಗುವಲ್ಲಿ ಬಳೆ ಅಂಗಡಿಯ ಸಾಹೇಬರ ಮನೆ. ಅವರ ಹೆಂಡತಿ ನನ್ನ ವಯಸ್ಸಿನವರು, ನಾಲಿಗೆಗೆ ಬಂದದ್ದನ್ನು ನುಂಗುವವರಲ್ಲ. ನಾನು ಅವರನ್ನು ಆಪಾ ಅನ್ನುತ್ತೇನೆ. ಪಲ್ಯ ಒಂದು ಬದಿಗೆ ಸರಿಸಿ, ರೊಟ್ಟಿಯನ್ನು ಕೈಯಲ್ಲಿ ಹಿಡಿದು, ತಿರುವಿ ತಿರುವಿ ನೋಡಿದರು.

"ದಪ್ಪ ಆಗ್ಯಾವ. ಯಾರ ಕೈದ್ರಿ ಇವು?"

ಗೆಳತಿ ನನ್ನ ಮುಖ ನೋಡಿದಳು. ಇವು ತನ್ನ ಕೈಯವು ಎಂದು ಒಪ್ಪಿಕೊಳ್ಳಲು ಅವಳು ತಯಾರಾಗಿದ್ದಳೆಂದು ನನಗೆ ಕಂಡಿತು. ಅದಕ್ಕೆ ಅವಕಾಶ ಕೊಡದೆ, "ನನ್ನವ ಅದಾವ ಆಪಾ, ನಿಂತು ಬಡದೀನಿ," ಅಂದೆ.

ಆಪಾ ಒಂದು ಅಂಚು ಮುರಿದು ಬಾಯಿಗೆ ಹಾಕಿಕೊಂಡರು. ಅವರು ಅಗಿಯುವವರೆಗೆ ನಾನು ಕಾಯ್ದೆ. ಪರೀಕ್ಷೆಯ ರಿಸಲ್ಟಿಗೂ ನಾನು ಹಾಗೆ ಕಾಯ್ದವಳಲ್ಲ.

"ಹೌದ ಬಿಡ್ರಿ, ನಿಮ್ಮವ," ಅಂದರು. "ಎಳ್ಳು ಹಚ್ಚಿದ್ದು ಅರ್ಧ ಉದುರಿ ಪಲ್ಯಾದಾಗ ಬೀಳೂದು ನಿಮ್ಮ ರೊಟ್ಟಿದ ಒಂದ. ಪ್ರತಿ ವರ್ಷಾನೂ ಹಿಂಗ."

ನಲವತ್ತೆಂಟು ವರ್ಷದಲ್ಲಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಗೆಳತಿಯ ಕಡೆ ತಿರುಗಿದೆ. ಅವಳು ಬೀದಿಯ ಆಚೆ ಏನೋ ಬಹಳ ಮುಖ್ಯವಾದದ್ದನ್ನು ನೋಡುತ್ತಿದ್ದಳು, ಹೆಗಲು ಮಾತ್ರ ನಗೆಯಿಂದ ಕುಣಿಯುತ್ತಿತ್ತು. ಆಪಾ ಒಳಗೆ ಹೋಗಿ ನಾಲ್ಕು ಸಜ್ಜೆ ರೊಟ್ಟಿ ತಂದು ನಮ್ಮ ತಟ್ಟೆಗೆ ಇಟ್ಟರು. ನಮಗೆ ಇನ್ನೂ ಒಂಬತ್ತು ಮನೆ ಉಳಿದಿದ್ದವು. ನಾವು ನಡೆದೆವು.